ನಾಲ್ಕು ವರ್ಷಕ್ಕೊಂದು ದೊಡ್ಡ ಸೀಸನ್: ಫ್ರೇಸರ್ ನದಿಯ ಒಂದು ಮೀನು ದೋಣಿಯ ಪ್ರಕರಣ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ಪಕ್ಕದಲ್ಲೇ ಫ್ರೇಸರ್ ನದಿ ಕಡಲು ಸೇರುತ್ತದೆ. ಆ ನದಿಯಲ್ಲಿ ಸಾಲ್ಮನ್ ಮೀನು ಹಿಡಿದು ಬದುಕುವ ಒಂದು ಕುಟುಂಬದ ಪ್ರಕರಣ ಇದು. ನಾನು ಆ ಭಾಗದಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇವರ ಲೆಕ್ಕವನ್ನೂ ಹಲವು ವರ್ಷ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ದೋಣಿ, ದಕ್ಕೆ, ಸಾಲದ ಮೊತ್ತ ಯಾವುದನ್ನೂ ಹೇಳಿಲ್ಲ. ಮನೆಯ ಕೆಲವು ವಿವರ ಬದಲಿಸಿದ್ದೇನೆ. ನದಿಯ ವರ್ಷಗಳನ್ನು, ಅಂಕಿಗಳನ್ನು ಬದಲಿಸಿಲ್ಲ.

ದೋಣಿ ಇಬ್ಬರು ಸಹೋದರರದ್ದು. ಅವರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇನೆ. ಲೆಕ್ಕದ ಪುಸ್ತಕ ಇಟ್ಟವರು ಅಣ್ಣನ ಹೆಂಡತಿ. ಅವರು ಇಲ್ಲಿ ಅತ್ತಿಗೆ.

ಮಲ್ಪೆ, ಮಂಗಳೂರಿನ ಕಡೆಯವರಿಗೆ ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಕಣ್ಣಿಗೇ ಬೀಳದಿರುವುದು ಗೊತ್ತಿದೆ. ಫ್ರೇಸರ್‌ನ ಏರಿಳಿತದ ಜಾತಿಯೇ ಬೇರೆ. ಅಲ್ಲಿ ಏರಿಳಿತಕ್ಕೆ ಒಂದು ಲೆಕ್ಕ ಇದೆ. ಲೆಕ್ಕ ಇದೆ ಎನ್ನುವ ಧೈರ್ಯದಲ್ಲೇ ಜನ ಜಾಸ್ತಿ ಪೆಟ್ಟು ತಿನ್ನುತ್ತಾರೆ. ಈ ಪ್ರಕರಣದಿಂದ ನನಗೆ ಮುಖ್ಯವಾಗಿ ಕಂಡದ್ದು ಇದು.

ಹಿನ್ನೆಲೆ

ಫ್ರೇಸರ್‌ಗೆ ಐದು ಜಾತಿಯ ಸಾಲ್ಮನ್ ಬರುತ್ತವೆ. ಇವರಿಗೆ ದುಡ್ಡು ತರುವುದು ಮುಖ್ಯವಾಗಿ ಸಾಕೈ. ಮಾಂಸ ಕಡುಕೆಂಪು, ಬೆಲೆ ಚೆನ್ನಾಗಿರುತ್ತದೆ. ಪಿಂಕ್ ಎನ್ನುವ ಸಣ್ಣ ಜಾತಿ ಬೆಸ ವರ್ಷಗಳಲ್ಲಿ ಮಾತ್ರ ದೊಡ್ಡದಾಗಿ ಬರುತ್ತದೆ, ಬೆಲೆ ಕಡಿಮೆ. ಚಮ್ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ.

ಸಾಕೈ ಒಳನಾಡಿನ ಹೊಳೆಗಳ ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಟ್ಟು ಸಾಯುತ್ತದೆ. ಚಳಿ ಕಳೆದ ಮೇಲೆ ಮರಿ ಹೊರಗೆ ಬರುತ್ತದೆ. ಒಂದು ವರ್ಷ ಸರೋವರದಲ್ಲಿ ಬೆಳೆದು ಆಮೇಲೆ ಕಡಲಿಗೆ ಇಳಿಯುತ್ತದೆ. ಕಡಲಲ್ಲಿ ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಇದ್ದು ಹುಟ್ಟಿದ ಹೊಳೆಗೇ ವಾಪಸ್. ಮೊಟ್ಟೆಯಿಂದ ಇಲ್ಲಿವರೆಗೆ, ಹೆಚ್ಚಿನ ಮೀನುಗಳಿಗೆ, ನಾಲ್ಕು ವರ್ಷ. ಹಾಗಾಗಿ 2006ರಲ್ಲಿ ಮೊಟ್ಟೆಯಿಟ್ಟ ಮೀನಿನ ಮಕ್ಕಳು 2010ರಲ್ಲಿ ಬರುತ್ತವೆ, ಮೊಮ್ಮಕ್ಕಳು 2014ರಲ್ಲಿ.

ಈ ಲೆಕ್ಕ ಅತಿ ಸ್ಪಷ್ಟವಾಗಿ ಕಾಣುವುದು ಆಡಮ್ಸ್ ಎಂಬ ಉಪನದಿಯಲ್ಲಿ. 2002, 2006, 2010, 2014, 2018, 2022 ಅದರ ದೊಡ್ಡ ವರ್ಷಗಳು. ಮರುವರ್ಷ ಸ್ವಲ್ಪ ಮೀನು. ಆಮೇಲಿನ ಎರಡು ವರ್ಷ ಬಹಳ ಕಡಿಮೆ. ಚಿಲ್ಕೊ, ಕ್ವೆನೆಲ್, ಸ್ಟುವರ್ಟ್ ಕಡೆಯ ಮೀನುಗಳಿಗೆ ಬೇರೆ ಬೇರೆ ಲೆಕ್ಕ. ಹೊರಗಿನವರು ಫ್ರೇಸರ್ ಮೀನು ಅನ್ನುತ್ತಾರೆ. ನಿಜವಾಗಿ ಅದು ಹಲವಾರು ಹೊಳೆಗಳ ಮೀನು, ನದಿ ಕಡಲು ಸೇರುವ ಒಂದೇ ಬಾಯಿಯಿಂದ ಒಳಗೆ ಬರುತ್ತದೆ ಅಷ್ಟೇ.

ಇನ್ನೊಂದು ವಿಷಯ ಗೊತ್ತಿರಲೇಬೇಕು. ಇಲ್ಲಿ ಯಾರೂ ಸುಮ್ನೆ ಹೋಗಿ ಬಲೆ ಬಿಡುವ ಹಾಗಿಲ್ಲ. ಕರಾವಳಿಯನ್ನು ಭಾಗ ಮಾಡಿದ್ದಾರೆ, ಒಂದೊಂದು ಭಾಗಕ್ಕೆ ಬೇರೆ ಲೈಸೆನ್ಸ್. ಅಣ್ಣತಮ್ಮಂದಿರದು ಫ್ರೇಸರ್‌ನ ಗಿಲ್‌ನೆಟ್ ಲೈಸೆನ್ಸ್, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ. ಕೆನಡಾ ಮತ್ತು ಅಮೆರಿಕದ ನಡುವೆ 1985ರಲ್ಲಿ ಸಾಲ್ಮನ್ ಒಪ್ಪಂದ ಆಯಿತು. ಅದರಡಿ ಫ್ರೇಸರ್‌ಗೆಂದೇ ಎರಡೂ ದೇಶದವರ ಒಂದು ಸಮಿತಿ ಇದೆ. ಪರೀಕ್ಷಾ ದೋಣಿಗಳು ತಂದ ಮೀನು, ಮಿಷನ್ ಎಂಬ ಊರಿನ ಹತ್ತಿರ ನೀರೊಳಗೆ ಶಬ್ದ ಕಳಿಸಿ ಮಾಡುವ ಎಣಿಕೆ, ನೀರಿನ ಬಿಸಿ ಎಲ್ಲವನ್ನೂ ನೋಡಿ ಸೀಸನ್ ಉದ್ದಕ್ಕೂ ತೀರ್ಮಾನ ಆಗುತ್ತದೆ. ಬಲೆ ಬಿಡಲು ಅವಕಾಶ ಕೊಟ್ಟರೆ ಅದಕ್ಕೆ ಓಪನಿಂಗ್ ಅನ್ನುತ್ತಾರೆ. ಅದು ದಿನಗಳ ಲೆಕ್ಕವಲ್ಲ, ಎಷ್ಟೋ ಸಲ ಬರೀ ಗಂಟೆಗಳ ಲೆಕ್ಕ.

ಮೀನು ಹಂಚುವುದಕ್ಕೂ ಸರದಿ ಇದೆ. ಮೊದಲು ಮೊಟ್ಟೆಯಿಡಲು ಬೇಕಾದಷ್ಟು ಮೇಲೆ ಹೋಗಬೇಕು. ನಂತರ ಮೂಲನಿವಾಸಿ ಸಮುದಾಯಗಳ ಊಟಕ್ಕೆ, ಆಚರಣೆಗೆ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಹಕ್ಕು ಅದು. ಅದು ಸರಿ ಕೂಡ. ಆಮೇಲೆ ಉಳಿದರೆ ವ್ಯಾಪಾರದ ದೋಣಿಗಳಿಗೆ. ಹೀಗಿರುವಾಗ ನದಿಗೆ ಅರ್ಧ ಮೀನು ಬಂದರೆ ದೋಣಿಗೆ ಅರ್ಧ ಸಿಗುವುದಿಲ್ಲ. ಏನೂ ಸಿಗದಿರಬಹುದು. ಮೀನಿನ ಸಂಖ್ಯೆ ಏರಿಳಿಯುವುದಕ್ಕಿಂತ ಎಷ್ಟೋ ಜೋರಾಗಿ ಮೀನುಗಾರನ ಆದಾಯ ಏರಿಳಿಯುತ್ತದೆ. ಇವರ ಮನೆಯಲ್ಲಿ ಮೊದಲ ತಪ್ಪು ನಿರ್ಧಾರ ಆದದ್ದು ಈ ಜಾಗದಲ್ಲೇ.

ಸಾಲ

2007ರಲ್ಲಿ ಫ್ರೇಸರ್ ಸಾಕೈಗೆ ಓಪನಿಂಗ್ ಇರಲಿಲ್ಲ. 2008ರಲ್ಲೂ ಇಲ್ಲ. ಆ ಚಳಿಗಾಲದಲ್ಲಿ ದೋಣಿಯ ಇಂಜಿನ್ ಕೈಕೊಡುವ ಹಂತಕ್ಕೆ ಬಂದಿತ್ತು. ಅಷ್ಟರಲ್ಲಿ 2009ರ ಮುನ್ಸೂಚನೆ ಬಂತು. ಸುಮಾರು 1.05 ಕೋಟಿ ಸಾಕೈ ಬರಬಹುದು ಎಂದು.

ಸರ್ಕಾರ ಕೊಡುವ ಈ ಮುನ್ಸೂಚನೆ ಒಂದೇ ಅಂಕಿ ಅಲ್ಲ. ಒಂದು ಪಟ್ಟಿ ಇರುತ್ತದೆ. ಇಷ್ಟಕ್ಕಿಂತ ಜಾಸ್ತಿ ಬರುವ ಸಾಧ್ಯತೆ ನೂರಕ್ಕೆ 90, ಇಷ್ಟಕ್ಕಿಂತ ಜಾಸ್ತಿ ಬರುವ ಸಾಧ್ಯತೆ 50, ಇನ್ನಿಷ್ಟಕ್ಕೆ 10, ಹೀಗೆ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಹಲವು ಪಟ್ಟು ಅಂತರ. ಆದರೆ ದಕ್ಕೆಯಲ್ಲಿ, ಪತ್ರಿಕೆಯಲ್ಲಿ, ಬ್ಯಾಂಕಿನಲ್ಲಿ ಓಡಾಡುವುದು ನಡುವಿನ ಅಂಕಿ ಒಂದೇ. 1.05 ಕೋಟಿ ಎಂದರೆ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆಯೂ ಸರಿಸಮ ಇದೆ ಎಂದರ್ಥ. ಅದನ್ನು ಯಾರೂ ಹಾಗೆ ಓದಲಿಲ್ಲ.

ತಮ್ಮ ಹೇಳಿದ್ದು: "ಹಳೇ ಇಂಜಿನ್ನೇ ಬಿಚ್ಚಿ ರಿಪೇರಿ ಮಾಡಿಸೋಣ. ಎರಡು ವರ್ಷ ಏನೂ ಬಂದಿಲ್ಲ." ಅಣ್ಣ ಒಪ್ಪಲಿಲ್ಲ. "ಎರಡು ವರ್ಷ ಬಂದಿಲ್ಲ, ಅದಕ್ಕೇ ಈ ವರ್ಷ ತಯಾರಾಗಿರಬೇಕು. ಓಪನಿಂಗ್ ದಿನ ಇಂಜಿನ್ ನಿಂತರೆ ಸೀಸನ್ನೇ ಹೋಯಿತು." ಅವರ ಮಾತಲ್ಲೂ ಹುರುಳಿತ್ತು. ಗಂಟೆಗಳ ಲೆಕ್ಕದ ಕೆಲಸದಲ್ಲಿ ಇಂಜಿನ್ ನಿಂತರೆ ದುಡಿಮೆ ಅಲ್ಲಿಗೇ ಮುಗಿಯುತ್ತದೆ. ಮನೆ ಮೇಲೆ ಸಾಲ ತೆಗೆದರು. ಹೊಸ ಇಂಜಿನ್, ಹೊಸ ಬಲೆ, ಮೀನು ಇಡುವ ಐಸ್ ಕೋಣೆಗೆ ಹೊಸ ಒಳಪದರ. ಕಂತು ಶುರುವಾಗುವುದು ಸೆಪ್ಟೆಂಬರ್‌ನಿಂದ ಎಂದು ಬರೆಸಿದರು. ಆಗಸ್ಟ್ ಮೀನಿನ ದುಡ್ಡು ಆ ಹೊತ್ತಿಗೆ ಕೈಗೆ ಬಂದಿರುತ್ತದೆ ಎನ್ನುವ ಲೆಕ್ಕ.

2009ರಲ್ಲಿ ಬಂದದ್ದು ಸುಮಾರು 15 ಲಕ್ಷ. ಪಟ್ಟಿಯ ಅತಿ ಕೆಳಗಿನ ಅಂಕಿಗಿಂತಲೂ ಕಡಿಮೆ. ಸತತ ಮೂರನೇ ವರ್ಷ ವ್ಯಾಪಾರದ ದೋಣಿಗಳಿಗೆ ಸಾಕೈ ಬಾಗಿಲು ಮುಚ್ಚಿತು. 15 ಲಕ್ಷ ಮೀನು ನದಿಗೆ ಬಂದಿತ್ತು, ಇವರ ಹೊಸ ಬಲೆಗೆ ಒಂದೂ ಇಲ್ಲ.

ಎಲ್ಲಿ ಹೋದವು? 2009ರಲ್ಲಿ ಬರಬೇಕಿದ್ದ ಮೀನು ಕಡಲಿಗೆ ಇಳಿದದ್ದು 2007ರಲ್ಲಿ. ಆ ವರ್ಷ ಚಿಲ್ಕೊ ಸರೋವರದಿಂದ ಹೊರಟ ಮರಿಗಳ ಎಣಿಕೆ ಅಲ್ಲಿವರೆಗೆ ಕಂಡ ಎಲ್ಲ ವರ್ಷಕ್ಕಿಂತ ಜಾಸ್ತಿ ಇತ್ತು. ಅಂದರೆ ಹೊಳೆಯಲ್ಲಿ, ಸರೋವರದಲ್ಲಿ ಎಲ್ಲ ಸರಿಯಾಗೇ ನಡೆದಿತ್ತು. ಕಡಲಿಗೆ ಇಳಿದ ಮೇಲೆ ಸತ್ತವು. ಇಲ್ಲಿ ಸಣ್ಣ ಲೆಕ್ಕವೊಂದನ್ನು ನೋಡಿ. ಕಡಲಿಗೆ ಇಳಿದ ನೂರು ಮರಿಗಳಲ್ಲಿ ಹತ್ತು ವಾಪಸ್ ಬಂದರೆ ಒಳ್ಳೆಯ ವರ್ಷ. ಒಂದೇ ಬಂದರೆ ಭೀಕರ ವರ್ಷ. ಸಾವಿನ ಪ್ರಮಾಣ 90ರಿಂದ 99ಕ್ಕೆ ಹೋಗಿದ್ದಷ್ಟೇ. ದೋಣಿಗೆ ಮಾತ್ರ ಹತ್ತು ಪಟ್ಟು ವ್ಯತ್ಯಾಸ. ತಂದೆತಾಯಿ ಮೀನಿನ ಸಂಖ್ಯೆ ನೋಡಿ ಮಾಡುವ ಮುನ್ಸೂಚನೆಗೆ ಕಡಲೊಳಗಿನ ಈ ಭಾಗ ಸರಿಯಾಗಿ ಕಾಣುವುದಿಲ್ಲ.

ಸರ್ಕಾರ ಅದೇ ವರ್ಷ ನ್ಯಾಯಮೂರ್ತಿ ಬ್ರೂಸ್ ಕೋಹೆನ್ ಅವರ ಆಯೋಗ ನೇಮಿಸಿತು. 2012ರ ಅಕ್ಟೋಬರ್‌ನಲ್ಲಿ ವರದಿ ಬಂತು, 75 ಶಿಫಾರಸುಗಳೊಂದಿಗೆ. ಯಾವುದೇ ಒಂದು ಕಾರಣಕ್ಕೆ ಬೆರಳು ತೋರಿಸಲು ಆಗುವುದಿಲ್ಲ ಎಂದು ಅದು ಹೇಳಿತು. ಒಬ್ಬ ಖಳನಾಯಕನನ್ನು ಹುಡುಕುತ್ತಿದ್ದವರಿಗೆ ಬೇಸರವಾಯಿತು. ನನಗೆ ಅದು ಪ್ರಾಮಾಣಿಕ ಉತ್ತರ ಅನ್ನಿಸುತ್ತದೆ.

ಕಂತು ಕಟ್ಟಿದ ರೀತಿ

ಆಗಸ್ಟ್ ಪೂರ್ತಿ ಮನೆಯಲ್ಲಿ ಒಂದೇ ಕೆಲಸ, ಪ್ರಕಟಣೆಗೆ ಕಾಯುವುದು. ಅಣ್ಣ ಸೆಪ್ಟೆಂಬರ್‌ವರೆಗೂ ಕಾಯೋಣ ಅಂದರು. ತಮ್ಮ ಆಗಸ್ಟ್ ನಡುವೆಯೇ ಹೊರಟರು. ನದಿಯಲ್ಲಿ ಮರದ ದಿಮ್ಮಿಗಳನ್ನು ಎಳೆಯುವ ಟಗ್ ದೋಣಿಯಲ್ಲಿ ಕೆಲಸಕ್ಕೆ ಸೇರಿದರು. ಅಣ್ಣನಿಗೆ ಇದು ಕೈಬಿಟ್ಟು ಹೋದ ಹಾಗೆ ಕಂಡಿತು. ಇಬ್ಬರೂ ಕೆಲವು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆದರೆ ಆ ಚಳಿಗಾಲ ಮನೆ ಉಳಿದದ್ದು ಆ ಸಂಬಳದಿಂದ.

ಅತ್ತಿಗೆ ಬ್ಯಾಂಕಿಗೆ ಮೊದಲ ಕಂತು ತಪ್ಪುವ ಮುಂಚೆಯೇ ಹೋದರು. ಒಂದು ವರ್ಷ ಬಡ್ಡಿ ಮಾತ್ರ ಕಟ್ಟುತ್ತೇವೆ, ಅಸಲು ಆಮೇಲೆ ಎಂದು ಕೇಳಿದರು. ಬ್ಯಾಂಕ್ ಒಪ್ಪಿತು. ತಪ್ಪಿದ ಮೇಲೆ ಹೋಗಿದ್ದರೆ ಒಪ್ಪುತ್ತಿತ್ತೇ? ಅನುಮಾನ. ಇದೇ ಸ್ಥಿತಿಯ ಬೇರೆ ಮನೆಗಳನ್ನೂ ನಾನು ನೋಡಿದ್ದೇನೆ. ಅಲ್ಲಿ ಮುಜುಗರಕ್ಕೆ ಬಾಯಿ ಮುಚ್ಚಿಕೊಂಡು ಕೂತವರಿಗೆ ಜಾಸ್ತಿ ನಷ್ಟವಾಗಿದೆ.

2010

2010 ಆಡಮ್ಸ್ ವರ್ಷ. ಮುನ್ಸೂಚನೆಯ ನಡುವಿನ ಅಂಕಿ 1.14 ಕೋಟಿ. ಹಿಂದಿನ ವರ್ಷದ ಪೆಟ್ಟಿನಿಂದ ಯಾರೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಸೀಸನ್ ನಡೆಯುತ್ತಿದ್ದಂತೆ ಅಂದಾಜನ್ನು ಮತ್ತೆ ಮತ್ತೆ ಮೇಲಕ್ಕೆ ತಿದ್ದಿದರು. ಕೊನೆಗೆ ಬಂದದ್ದು 2.8 ಕೋಟಿಗೂ ಜಾಸ್ತಿ. 1913ರ ನಂತರ ಫ್ರೇಸರ್ ಇಷ್ಟು ಸಾಕೈ ಕಂಡಿರಲಿಲ್ಲ. ಆ 1913ರದ್ದೂ ದುಃಖದ ಕತೆಯೇ. ರೈಲುದಾರಿಗಾಗಿ ಬಂಡೆ ಸಿಡಿಸಿದಾಗ ಹೆಲ್ಸ್ ಗೇಟ್ ಎಂಬ ಕಿರಿದಾದ ಕಣಿವೆಗೆ ಕಲ್ಲು ಬಿತ್ತು. 1914ರಲ್ಲಿ ಇನ್ನಷ್ಟು ಕುಸಿಯಿತು. ಮೀನು ಮೇಲೆ ಹೋಗಲಾರದೆ ಸತ್ತವು. ಅಲ್ಲಿ ಮೀನಿಗೆ ದಾರಿ ಕಟ್ಟಿದ್ದು 1940ರ ದಶಕದಲ್ಲಿ.

2010ಕ್ಕೆ ಕಾರಣ ಏನು ಎನ್ನುವುದಕ್ಕೂ ಒಮ್ಮತ ಇಲ್ಲ. 2008ರ ಆಗಸ್ಟ್‌ನಲ್ಲಿ ಅಲಾಸ್ಕಾದ ಕಸಾಟೋಚಿ ಜ್ವಾಲಾಮುಖಿ ಸಿಡಿದು ಬೂದಿ ಕಡಲಿಗೆ ಬಿತ್ತು. ಬೂದಿಯ ಕಬ್ಬಿಣದಿಂದ ಸೂಕ್ಷ್ಮ ಸಸ್ಯಗಳು ಬೆಳೆದು ಮೀನಿಗೆ ಆಹಾರ ಹೆಚ್ಚಿತು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಒಪ್ಪದವರೂ ಇದ್ದಾರೆ.

ಮೀನು ಬಂತು, ಇನ್ನು ಎಲ್ಲ ಸರಿಹೋಯಿತು ಎಂದುಕೊಳ್ಳುತ್ತೀರಿ, ಅಲ್ವಾ? ಇವರ ಎರಡನೇ ಸಂಕಟ ಶುರುವಾದದ್ದು ಆಗ. ಮೂರು ವರ್ಷ ಕೆಲಸವಿಲ್ಲದೆ ಮೀನು ಕೊಳ್ಳುವ ಘಟಕಗಳೂ ಸಣ್ಣದಾಗಿದ್ದವು. ಇವರ ಮೀನು ಕೊಳ್ಳುತ್ತಿದ್ದ ಘಟಕ, ಒಂದು ಓಪನಿಂಗ್‌ಗೆ ಒಂದು ದೋಣಿಯಿಂದ ಇಷ್ಟೇ ತೂಕ ತೆಗೆದುಕೊಳ್ಳುತ್ತೇವೆ ಎಂದು ಮಿತಿ ಹಾಕಿತು. ಕೊಡುವ ಬೆಲೆಯೂ ಇಳಿಯಿತು. ಐಸ್‌ಗೆ ಸಾಲು ನಿಲ್ಲಬೇಕಾಯಿತು. ಬಲೆ ತುಂಬ ಮೀನು, ಇಳಿಸಲು ಜಾಗ ಇಲ್ಲ.

ಅಣ್ಣ ಎಲ್ಲ ಓಪನಿಂಗ್‌ಗೂ ಹೋಗಬೇಕು ಎಂದರು. ಮೂರು ವರ್ಷ ಕಾದು ಕೂತವರು ಇನ್ನೇನು ಹೇಳುತ್ತಾರೆ! ಅತ್ತಿಗೆ ಲೆಕ್ಕ ಬರೆದು ತೋರಿಸಿದರು. ಮಿತಿ ಮೀರಿ ಮಾರಲಾಗದ ಮೀನಿನ ನಷ್ಟ, ಡೀಸೆಲ್, ಐಸ್, ಸಹಾಯಕನ ಪಾಲು ಎಲ್ಲ ಕಳೆದರೆ ಘಟಕಕ್ಕೆ ಕೊಡುವ ಒಂದು ಮೀನಿನಲ್ಲಿ ಉಳಿಯುವುದು ಅತಿ ಕಡಿಮೆ. ಅದೇ ಮೀನನ್ನು ದಕ್ಕೆಯಲ್ಲಿ ನಿಂತು ಗಿರಾಕಿಗೆ ನೇರ ಮಾರಿದರೆ ಹಲವು ಪಟ್ಟು. ದೋಣಿಯಿಂದಲೇ ಮಾರುವುದು ಸ್ಟೀವ್‌ಸ್ಟನ್‌ನಂಥ ದಕ್ಕೆಗಳಲ್ಲಿ ಹಳೆಯ ಪದ್ಧತಿ. ಅದಕ್ಕೆ ಅನುಮತಿಯೂ ಸಿಗುತ್ತದೆ. ಆದರೆ ದಕ್ಕೆಯಲ್ಲಿ ನಿಂತರೆ ನೀರಿಗೆ ಇಳಿಯಲು ಆಗುವುದಿಲ್ಲ.

ಕೊನೆಗೆ ಕೆಲವು ಓಪನಿಂಗ್‌ಗಳನ್ನು ಬಿಟ್ಟರು. ಅಣ್ಣನಿಗೆ ಅದು ಸಂಕಟದ ಮಾತಾಗಿತ್ತು. ಬೇರೆ ದೋಣಿಗಳು ಹೊರಡುತ್ತಿದ್ದರೆ ಇವರು ದಕ್ಕೆಯಲ್ಲಿ ತಕ್ಕಡಿ ಹಿಡಿದು ನಿಂತಿದ್ದರು. ತಮ್ಮ ಟಗ್ ಕೆಲಸಕ್ಕೆ ರಜೆ ಹಾಕಿ ಬಂದರು. ಹಿಡಿದ ಕೂಡಲೇ ರಕ್ತ ಬಸಿದು ಐಸ್‌ನಲ್ಲಿ ಇಡುವುದನ್ನು ಕಟ್ಟುನಿಟ್ಟಾಗಿ ಮಾಡಿದರು. ಇದರಿಂದ ಮಾಂಸ ಗಟ್ಟಿಯಾಗಿ ಉಳಿಯುತ್ತದೆ. ಒಂದು ಪಾಲನ್ನು ಬಾಡಿಗೆ ಶೀತಲ ಘಟಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟು, ಎಲ್ಲರ ಹತ್ತಿರ ಮೀನು ಮುಗಿದ ಮೇಲೆ ಚಳಿಗಾಲದಲ್ಲಿ ಮಾರಿದರು. ಆ ವರ್ಷ ಇವರಿಗಿಂತ ಜಾಸ್ತಿ ಮೀನು ಹಿಡಿದ ದೋಣಿಗಳು ಬೇಕಾದಷ್ಟಿದ್ದವು. ಹಿಡಿದದ್ದಕ್ಕೆ ಹೋಲಿಸಿದರೆ ಇವರಷ್ಟು ಉಳಿಸಿದವರು ಕಡಿಮೆ. ಹಳೆಯ ಸಾಲದ ದೊಡ್ಡ ಭಾಗ ತೀರಿತು.

ನಾಲ್ಕು ಭಾಗ

ಈ ಪ್ರಕರಣದ ನಿಜವಾದ ತಿರುವು ಅದೇ ಚಳಿಗಾಲದಲ್ಲಿ, ಊಟದ ಮೇಜಿನ ಮೇಲೆ ಆಯಿತು. ಅಣ್ಣನಿಗೆ ದೊಡ್ಡ ದೋಣಿ ಬೇಕಿತ್ತು. ಸುತ್ತಲಿನವರು ಕೊಳ್ಳುತ್ತಿದ್ದರು ಕೂಡ. ಅತ್ತಿಗೆ ಹೇಳಿದ್ದು ಇಷ್ಟು: "ಇದು 2010ರ ದುಡ್ಡಲ್ಲ. 2010, 11, 12, 13ರ ದುಡ್ಡು."

ಸಾಲ ಕಟ್ಟಿ ಉಳಿದದ್ದನ್ನು ನಾಲ್ಕು ಭಾಗ ಮಾಡಿ, ಮೂರನ್ನು ಮುಂದಿನ ಮೂರು ವರ್ಷಕ್ಕೆ ಬೇರೆ ಖಾತೆಯಲ್ಲಿ ಇಟ್ಟರು. ದೋಣಿಯ ವಾರ್ಷಿಕ ಖರ್ಚು, ಅಂದರೆ ದಕ್ಕೆ ಬಾಡಿಗೆ, ವಿಮೆ, ಲೈಸೆನ್ಸ್ ಶುಲ್ಕ, ದೋಣಿಯ ತಳಕ್ಕೆ ಬಣ್ಣ, ಮೀನು ಬಂದರೂ ಬಾರದಿದ್ದರೂ ಇರುತ್ತದೆ. ಅದಕ್ಕೆ ಈ ಖಾತೆ. ತಮ್ಮ ಟಗ್ ಕೆಲಸ ಬಿಡಲಿಲ್ಲ. ಓಪನಿಂಗ್ ಇದ್ದಾಗ ಮಾತ್ರ ರಜೆ ಎಂದು ಒಪ್ಪಂದ ಆಯಿತು. ಅಣ್ಣ ಚಮ್ ಸೀಸನ್‌ಗೆ ಹೆಚ್ಚು ಗಮನ ಕೊಟ್ಟರು.

ಇನ್ನೊಂದು ನಿರ್ಧಾರವೂ ಆಯಿತು. ಸ್ವಲ್ಪ ಸಮಯದ ನಂತರ ಜಾನ್‌ಸ್ಟೋನ್ ಜಲಸಂಧಿಯ ಗಿಲ್‌ನೆಟ್ ಲೈಸೆನ್ಸ್ ಕೊಂಡು ಅದೇ ದೋಣಿಗೆ ಸೇರಿಸಿದರು. ಫ್ರೇಸರ್‌ಗೆ ಬರುವ ಸಾಕೈಗೆ ಎರಡು ದಾರಿ. ವ್ಯಾಂಕೂವರ್ ದ್ವೀಪದ ದಕ್ಷಿಣದ ವಾನ್ ಡಿ ಫೂಕ ಜಲಸಂಧಿ ಒಂದು, ಉತ್ತರದ ಜಾನ್‌ಸ್ಟೋನ್ ಇನ್ನೊಂದು. ಕಡಲು ಬೆಚ್ಚಗಿದ್ದ ವರ್ಷಗಳಲ್ಲಿ ಉತ್ತರದ ದಾರಿ ಹಿಡಿಯುವ ಮೀನು ಜಾಸ್ತಿ. 2014ರಲ್ಲಿ ಹಾಗೇ ಆಯಿತು. ಸುಮಾರು 2 ಕೋಟಿ ಸಾಕೈ ಬಂದವು, ಬಹುಪಾಲು ಉತ್ತರದಿಂದ. ಅಮೆರಿಕದ ಕಡೆಯ ದೋಣಿಗಳಿಗೆ ಸಿಕ್ಕಿದ್ದು ತೀರಾ ಕಡಿಮೆ. ಇವರಿಗೆ ಎರಡೂ ಕಡೆ ಸಿಕ್ಕಿತು. ಒಂದೇ ಮೀನಿಗೆ ಎರಡು ಜಾಗದಲ್ಲಿ ಕಾಯುವ ಹಕ್ಕು ದೊಡ್ಡ ದೋಣಿಗಿಂತ ಬೆಲೆಬಾಳುವುದು ಎಂದು ಆ ವರ್ಷ ಅಣ್ಣನೇ ಒಪ್ಪಿಕೊಂಡರು.

ನಿಯಮ ಸಾಲದೇ ಹೋದಾಗ

ಇಲ್ಲಿಗೆ ಮುಗಿಸಿದ್ದರೆ ಒಳ್ಳೆಯ ಕತೆ ಆಗುತ್ತಿತ್ತು. ಆದರೆ ನಾಲ್ಕು ಭಾಗದ ನಿಯಮದಲ್ಲೂ ಒಂದು ನಂಬಿಕೆ ಅಡಗಿತ್ತು. ನಾಲ್ಕನೇ ವರ್ಷ ದೊಡ್ಡದಾಗಿಯೇ ಬರುತ್ತದೆ ಎನ್ನುವ ನಂಬಿಕೆ.

2016ರಲ್ಲಿ 9 ಲಕ್ಷವೂ ಬರಲಿಲ್ಲ. 2017ರಲ್ಲೂ ಇವರ ಬಲೆ ಸಾಕೈಗೆ ಇಳಿಯಲಿಲ್ಲ. 2018 ಆಡಮ್ಸ್ ವರ್ಷ. ಸುಮಾರು 1.4 ಕೋಟಿ ನಿರೀಕ್ಷೆ, ಬಂದದ್ದು 1.07 ಕೋಟಿ. ಓಪನಿಂಗ್ ಸಿಕ್ಕಿತು, ದುಡ್ಡೂ ಬಂತು. ಆದರೆ ನಾಲ್ಕು ಭಾಗ ಮಾಡುವಷ್ಟು ದೊಡ್ಡದಾಗಿರಲಿಲ್ಲ. 2019ರಲ್ಲಿ 50 ಲಕ್ಷದ ಹತ್ತಿರದ ನಿರೀಕ್ಷೆಗೆ ಬಂದದ್ದು 5 ಲಕ್ಷದ ಆಸುಪಾಸು. 2020ರಲ್ಲಿ ಸುಮಾರು 3 ಲಕ್ಷ, ಎಣಿಕೆ ಶುರುವಾದ ಮೇಲೆ ಅತಿ ಕಡಿಮೆ.

2019ರ ಜೂನ್‌ನಲ್ಲಿ ಬಿಗ್ ಬಾರ್ ಎಂಬಲ್ಲಿ ಬಂಡೆ ಕುಸಿದು ನದಿ ಕಟ್ಟಿಕೊಂಡದ್ದು ಬೆಳಕಿಗೆ ಬಂತು. ಮೀನನ್ನು ಹಿಡಿದು ಹೆಲಿಕಾಪ್ಟರ್‌ನಲ್ಲಿ ಮೇಲಕ್ಕೆ ಸಾಗಿಸಿದರು. ದಕ್ಕೆಯಲ್ಲಿ ಎಲ್ಲರೂ ಆ ವರ್ಷದ ನಷ್ಟವನ್ನೆಲ್ಲ ಬಂಡೆ ಮೇಲೆ ಹಾಕಿದರು. ತಮ್ಮ ಮಾತ್ರ ಸರಿಯಾಗಿ ಯೋಚಿಸಿದರು. ಬಂಡೆ ಇರುವುದು ನದಿಯ ಮೇಲ್ಭಾಗದಲ್ಲಿ. ಇವರು ಬಲೆ ಬಿಡುವುದು ಬಾಯಿಯ ಹತ್ತಿರ. ಮೀನು ಬಾಯಿಗೇ ಬಂದಿರಲಿಲ್ಲ. ಅಂದರೆ 2019ರ ಕೊರತೆ ಕಡಲಿನದು, ಬಂಡೆಯ ಪೆಟ್ಟು ತಿಳಿಯುವುದು ಆ ವರ್ಷ ಮೊಟ್ಟೆಯಿಡಲಾಗದ ಮೀನುಗಳ ಮಕ್ಕಳು ಬರಬೇಕಾದ ವರ್ಷದಲ್ಲಿ. ಇನ್ನೂ ಒಂದು: ಆಡಮ್ಸ್ ಮೀನು ಲಿಟನ್ ಊರಿನಲ್ಲೇ ಥಾಂಪ್ಸನ್ ಉಪನದಿಗೆ ತಿರುಗಿಬಿಡುತ್ತದೆ, ಬಿಗ್ ಬಾರ್ ತನಕ ಹೋಗುವುದೇ ಇಲ್ಲ. ಹಾಗಾಗಿ 2022ರ ಆಸೆಗೆ ಬಂಡೆಯ ಭಯ ಬೇಕಿರಲಿಲ್ಲ. ಈ ರೀತಿ ಬಿಡಿಸಿ ನೋಡಿದ್ದರಿಂದಲೇ ಅಣ್ಣ ಆಗ ಗಾಬರಿಯಲ್ಲಿ ಎರಡೂ ಲೈಸೆನ್ಸ್ ಸಿಕ್ಕ ಬೆಲೆಗೆ ಮಾರಿಬಿಡಲಿಲ್ಲ.

ಆದರೂ 2020ರ ಕೊನೆಗೆ ಉಳಿತಾಯದ ಆ ಬೇರೆ ಖಾತೆ ಖಾಲಿಯಾಯಿತು. ಹೊಸ ಸಾಲ ತೆಗೆಯಬಾರದು ಎನ್ನುವುದಕ್ಕೆ ಮೂವರೂ ಗಟ್ಟಿಯಾಗಿ ನಿಂತರು. ಟಗ್ ಸಂಬಳದಲ್ಲಿ ವಿಮೆ ಕಟ್ಟಿದರು. ನೇರ ಮಾರಾಟದ ಹಳೆಯ ಗಿರಾಕಿಗಳಿಗೆ ಚಮ್ ಮೀನನ್ನೂ ಅದರ ಮೊಟ್ಟೆಯನ್ನೂ ಮಾರಿದರು.

2021ರಲ್ಲಿ ಸರ್ಕಾರ ಸಾಲ್ಮನ್ ಉಳಿಸಲು 64 ಕೋಟಿ ಡಾಲರ್‌ಗೂ ಜಾಸ್ತಿ ಮೊತ್ತದ ಯೋಜನೆ ತಂದಿತು. ಜೊತೆಗೇ ಆ ಕರಾವಳಿಯ ವಾಣಿಜ್ಯ ಸಾಲ್ಮನ್ ಮೀನುಗಾರಿಕೆಗಳಲ್ಲಿ ಸುಮಾರು 60 ಶೇಕಡಾವನ್ನು ಮುಚ್ಚಿತು. 2022ರಲ್ಲಿ ಸುಮಾರು 98 ಲಕ್ಷದ ನಿರೀಕ್ಷೆಗೆ 70 ಲಕ್ಷದ ಹತ್ತಿರ ಬಂದವು. ಆ ಬೇಸಿಗೆ, ಶರತ್ಕಾಲ ಅಲ್ಲಿ ಘೋರ ಬರ ಬೇರೆ. ಹೊಳೆಗಳಲ್ಲಿ ನೀರೇ ಇರಲಿಲ್ಲ.

ಆ ವರ್ಷ ಇವರು ನಡೆದುಕೊಂಡ ರೀತಿಯನ್ನು 2009ರ ಪಕ್ಕದಲ್ಲಿ ಇಟ್ಟು ನೋಡಬೇಕು. ಮುನ್ಸೂಚನೆ ಬಂದಾಗ ಅತ್ತಿಗೆ ಪಟ್ಟಿಯ ಅತಿ ಕೆಳಗಿನ ಅಂಕಿಯನ್ನು ಪುಸ್ತಕದಲ್ಲಿ ಬರೆದರು. ಅಷ್ಟೇ ಬಂದರೆ ಮನೆ ನಡೆಯುತ್ತದೆಯೇ ಎಂದು ನೋಡಿದರು. ನಡೆಯುತ್ತದೆ ಎನ್ನುವಷ್ಟು ಮಾತ್ರ ಖರ್ಚು ಮಾಡಿದರು. ಹಳೆಯ ಬಲೆಯನ್ನೇ ಹೊಲಿದು ಇಟ್ಟುಕೊಂಡರು. ಐಸ್ ಮತ್ತು ಶೀತಲ ಘಟಕದ ಜಾಗಕ್ಕೆ ಮಾತು ಕೊಟ್ಟದ್ದು, ಪರೀಕ್ಷಾ ದೋಣಿಗಳ ಮೊದಲ ಅಂಕಿಗಳು ಬಂದ ಮೇಲೆ. ಆಗ ಸ್ವಲ್ಪ ದುಬಾರಿ ಬಿತ್ತು. ಆ ದುಬಾರಿಯನ್ನು ಅತ್ತಿಗೆ ವಿಮೆಯ ಖರ್ಚಿನ ಸಾಲಿನಲ್ಲೇ ಬರೆದಿದ್ದಾರೆ. ಅದು ಸರಿಯಾದ ಜಾಗ ಎಂದು ನನಗೂ ಅನ್ನಿಸುತ್ತದೆ.

2022ರ ಕೊನೆಗೆ ಸರ್ಕಾರ ಲೈಸೆನ್ಸ್ ವಾಪಸ್ ಕೊಳ್ಳುವ ಯೋಜನೆ ಶುರುಮಾಡಿತು. ಎಷ್ಟಕ್ಕೆ ಕೊಡುತ್ತೀರಿ ಎಂದು ಮೀನುಗಾರರೇ ಬೆಲೆ ಬರೆದು ಕಳಿಸಬೇಕು. ಅಣ್ಣನಿಗೆ ಆಗಲೇ ವಯಸ್ಸಾಗಿತ್ತು, ಮೊಣಕಾಲು ನೋವು. ಎರಡೂ ಕೊಟ್ಟುಬಿಡೋಣ ಎಂದವರು ಅವರೇ. ಒಂದನ್ನಾದರೂ ಇಟ್ಟುಕೊಳ್ಳೋಣ ಎಂದವರು, 2009ರಲ್ಲಿ ಮೊದಲು ಎದ್ದು ಹೋಗಿದ್ದ ತಮ್ಮ. ವಾರಗಟ್ಟಲೆ ಚರ್ಚೆ ಆಯಿತು. ದೂರದ ಜಾನ್‌ಸ್ಟೋನ್ ಲೈಸೆನ್ಸ್‌ಗೆ ಬೆಲೆ ಬರೆದು ಕಳಿಸಿದರು. ಫ್ರೇಸರ್‌ನದು ಈಗ ತಮ್ಮನ ಹೆಸರಿನಲ್ಲಿದೆ. ಟಗ್ ಕೆಲಸವೂ ಮುಂದುವರಿದಿದೆ. ಬೇರೆ ಖಾತೆಯನ್ನು ಮತ್ತೆ ತೆರೆದಿದ್ದಾರೆ. ಈ ಸಲ ಉಳಿತಾಯವನ್ನು ನಾಲ್ಕರ ಬದಲು ಎಂಟು ಭಾಗ ಮಾಡುವ ಲೆಕ್ಕ ಹಾಕಿದ್ದಾರೆ.